ಲಫಾಯೆಲೆ ಯಜಮಾನನ ಪಥ್ಯ

ನಮ್ಮ ಸಮೋವಾದಲ್ಲಿ ಪಥ್ಯ ಮಾಡುವವರು ಊರಿಗೆ ಹತ್ತು ಜನ ಸಿಗುತ್ತಾರೆ, ಆದರೆ ಲಫಾಯೆಲೆ ಯಜಮಾನನಂಥವನು ಒಬ್ಬನೇ. ಸಕ್ಕರೆ ಕಾಯಿಲೆಗೆ ಕಾಲಿನ ಎರಡು ಬೆರಳು ಕೊಟ್ಟು ಆಸ್ಪತ್ರೆಯಿಂದ ಬಂದ ಮೇಲೆ ಬೇಯಿಸಿದ ಬಾಳೆಕಾಯಿ, ಸೊಪ್ಪು, ಮೀನು ಬಿಟ್ಟು ಬೇರೇನೂ ತಿನ್ನುವುದಿಲ್ಲ. ಭಾನುವಾರ ಚರ್ಚು ಮುಗಿದ ಮೇಲಿನ ಊಟದಲ್ಲಿ ಮನೆತನದ ಯಜಮಾನನ ಪಾಲು ಅಂತ ಹಂದಿಯ ಬೆನ್ನಿನ ತುಂಡು ಬರುತ್ತದೆ, ಬೇಡ ಅನ್ನುವ ಹಾಗಿಲ್ಲ. ಮರ್ಯಾದೆಗೆ ತಲೆಗೆ ಮುಟ್ಟಿಸಿಕೊಂಡು ಪಕ್ಕದವರಿಗೆ ದಾಟಿಸುತ್ತಾನೆ. ಆಮೇಲೆ ಬಾಳೆಕಾಯಿ ಬಾಯಿಗಿಟ್ಟು "ಆಹಾ, ಏನು ರುಚಿ!" ಅಂತ ಕೂಗಿದರೆ ಸಮುದ್ರದ ಮೇಲಿನ ದೋಣಿಯವರೂ ತಿರುಗಿ ನೋಡಬೇಕು. "ಯಜಮಾನ್ರೇ, ಅದು ಬಾಳೆಕಾಯೋ, ಹಂದಿ ಬಾಡೋ?" ಅಂತ ನಾವು ಕಾಡುತ್ತೇವೆ. "ನಿಮ್ಮ ನಾಲಿಗೆಗೆ ಕೊಬ್ಬು ಮೆತ್ಕೊಂಡಿದೆ, ನಿಮಗೇನು ಗೊತ್ತು!" ಅನ್ನುತ್ತಾನೆ. ಪಕ್ಕದಲ್ಲಿ ಕೂತ ಮಗಳು ಸಿನಿವಾ ನಗುನಗುತ್ತಾ ಅದನ್ನೇ ತಿನ್ನುತ್ತಾಳೆ. ಹೋದ ವರ್ಷದಿಂದ ಅವಳಿಗೂ ಅದೇ ಕಾಯಿಲೆ, ಅಪ್ಪನ ಜೊತೆ ಕೂತರೆ ಮಾತ್ರ ಪಥ್ಯದ ಊಟ ಮುಟ್ಟುವವಳು. ಮೊನ್ನೆ ಅವಳು ರಕ್ತ ಪರೀಕ್ಷೆಗೆ ಹೋಗಿದ್ದಾಗ ನಾನು ಸೊಪ್ಪು ಕೊಡಲು ಹೋದೆ. ಲಫಾಯೆಲೆ ಒಬ್ಬನೇ ಕೂತು, ಕಣ್ಣು ಮುಚ್ಚಿಕೊಂಡು, ಕಹಿ ಕಷಾಯ ಕುಡಿಯುವವನ ಹಾಗೆ ಬಾಳೆಕಾಯಿ ನುಂಗುತ್ತಿದ್ದ. ನನ್ನನ್ನು ಕಂಡು ಬಾಯಿ ಒರೆಸಿಕೊಂಡ. "ಎರಡು ವರ್ಷ ಆಯ್ತಕ್ಕಾ, ಇನ್ನೂ ಗಂಟಲಲ್ಲಿ ಇಳಿಯಲ್ಲ," ಅಂದ. "ಸಿನಿವಾಗೆ ಮಾತ್ರ ಗೊತ್ತಾಗೋದು ಬೇಡ."