ಫೆದೋಸ್ಯಾ ಅಜ್ಜಿಯ ‘ನೀವು’

ಬಾಯಿ ತಪ್ಪಿದ್ದು ಒಂದೇ ಒಂದು ಸಲ. ಅದೂ ಎಲ್ಲಿ? ಅಡುಗೆಮನೆಯಲ್ಲಿ, ಕೋಣೆಗೊಂದರಂತೆ ಆ ಮನೆ ಹಂಚಿಕೊಂಡಿದ್ದ ಅಷ್ಟೂ ಸಂಸಾರಗಳು ತಮ್ಮ ತಮ್ಮ ಸೀಮೆಎಣ್ಣೆ ಒಲೆ ಹಚ್ಚಿಕೊಂಡು ಎಲೆಕೋಸಿನ ಸಾರು ಕುದಿಸುತ್ತಿದ್ದ ಹೊತ್ತಿನಲ್ಲಿ. ಮೊಮ್ಮಗಳು ನ್ಯೂರಾ ನರ್ಸಿಂಗ್ ಶಾಲೆಯಿಂದ ಹಿಮದಲ್ಲಿ ತೊಯ್ದು ಬಂದು ಬಾಗಿಲಲ್ಲಿ ನಿಂತಳು. ಅವಳ ಬೂಟಿನಿಂದ ನೀರು ಇಳಿಯುತ್ತಿತ್ತು. ಫೆದೋಸ್ಯಾ ಅಜ್ಜಿಯ ಬಾಯಿಂದ ತಾನಾಗಿಯೇ ಹೊರಬಿತ್ತು: “ಅಯ್ಯೋ, ಕಾಲೆಲ್ಲ ಒದ್ದೆ ಮಾಡ್ಕೊಂಡಿದ್ದೀರಲ್ಲ! ಬನ್ನಿ, ಒಲೆ ಹತ್ರ ಕೂತ್ಕೊಳ್ಳಿ.”

ಪಕ್ಕದ ಕೋಣೆಯ ಗ್ಲಫೀರಾಳ ಸೌಟು ಅಲ್ಲೇ ನಿಂತಿತು.

“ಏನಂದ್ರಿ ಫೆದೋಸ್ಯಾ ಕಾರ್ಪೊವ್ನಾ? ‘ಬನ್ನಿ, ಕೂತ್ಕೊಳ್ಳಿ’ನಾ? ನನ್ನ ಮೊಮ್ಮಗಳು ಹೀಗೆ ಬಂದ್ರೆ ‘ಬಾರೇ ದರಿದ್ರದವಳೇ’ ಅಂತೀನಪ್ಪ ನಾನು. ನಿಮ್ಮನೇಲಿ ಏನು ಮಹಾರಾಣಿ ಬೆಳೀತಿದ್ದಾಳಾ?”

“ಮಹಾರಾಣಿನೇ ಮತ್ತೆ! ಇರೋದೊಂದು ಜೊತೆ ಬೂಟು, ಅದನ್ನೂ ನೆನೆಸ್ಕೊಂಡು ಬಂದಿದ್ದಾಳೆ. ಅದಕ್ಕೇ ಹಾಗಂದೆ,” ಎಂದು ಅಜ್ಜಿ ನಕ್ಕಳು. ನಗು ಗಂಟಲಿನಿಂದ ಕೆಳಗೆ ಇಳಿಯಲಿಲ್ಲ. ಗ್ಲಫೀರಾ ಕೂಡ ನಕ್ಕಳು. ಆದರೆ ಆ ಹೆಂಗಸಿಗೆ ಕಿವಿಯಲ್ಲಿ ಬಿದ್ದದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವೇ ಇರಲಿಲ್ಲ.

ಮಹಾರಾಣಿಯಲ್ಲದಿದ್ದರೂ ಹುಡುಗಿ ಅಂಥದೇ ಕುಲದವಳು. ಅವಳು ನ್ಯೂರಾ ಅಲ್ಲ. ಫೆದೋಸ್ಯಾಳ ಮೊಮ್ಮಗಳೂ ಅಲ್ಲ. ಅವಳು ಲೀಜಾ, ಎಲಿಜವೆತಾ ಪಾವ್ಲೊವ್ನಾ ವೆರೆಸ್ತೋವಾ, ವೆರೆಸ್ತೋವ್ ಜಮೀನುದಾರರ ಮನೆತನದಲ್ಲಿ ಉಳಿದ ಕೊನೆಯ ಜೀವ. ಹೊಸ ಸರ್ಕಾರದವರಿಗೆ ಗೊತ್ತಾದರೆ ಶಾಲೆಯಿಂದ ಹೊರಗೆ, ಕೋಣೆಯಿಂದ ಹೊರಗೆ, ಆಮೇಲೆ ಯಾವ ರೈಲು ಹತ್ತಿಸಿ ಎಲ್ಲಿಗೆ ಕಳಿಸುತ್ತಾರೋ ದೇವರೇ ಬಲ್ಲ. ಆ ವರ್ಷ ಊರಿನಲ್ಲಿ ಹಾಗೆ ಹೋದವರು ಎಷ್ಟೋ ಮಂದಿ.

ವೆರೆಸ್ತೋವರ ಚರಿತ್ರೆ ಬೇಕಿದ್ದರೆ ಫೆದೋಸ್ಯಾಳನ್ನೇ ಕೇಳಬೇಕು. ಅವರು ಅದನ್ನು ದಿವಾನಖಾನೆಯ ಚಿತ್ರಪಟಗಳಲ್ಲಿ ಬರೆಸಿಟ್ಟಿದ್ದರು. ಅವಳು ನೋಡಿದ್ದು ಅಡುಗೆಮನೆಯ ಬಾಗಿಲಿನಿಂದ. ಮೊದಲನೆಯ ವೆರೆಸ್ತೋವ್ ತುರ್ಕರ ಯುದ್ಧದಲ್ಲಿ ಒಂದು ಕಿವಿ ಕಳೆದುಕೊಂಡು ಬಂದ. ಚಕ್ರವರ್ತಿನಿ ಕಿವಿಯ ಬದಲಿಗೆ ಒಂದು ಹಳ್ಳಿ ಕೊಟ್ಟಳು, ಹಳ್ಳಿಯ ಜೊತೆಗೆ ಅಲ್ಲಿನ ಜನರನ್ನೂ ಕೊಟ್ಟಳು. ಹಾಗೆ ಕೊಟ್ಟವರಲ್ಲಿ ಫೆದೋಸ್ಯಾಳ ಮುತ್ತಜ್ಜಿಯೂ ಒಬ್ಬಳು. ಅವನ ಮಗ ಬಿಳಿ ಕಂಬಗಳ ಬಂಗಲೆ ಕಟ್ಟಿಸಿ, ಆಳುಗಳ ಹೆಣ್ಣುಮಕ್ಕಳಿಗೆ ಫ್ರೆಂಚ್ ಹಾಡು ಕಲಿಸಿ ಕುಣಿಸಿದ. ತಾಳ ತಪ್ಪಿದರೆ ಕುದುರೆ ಲಾಯದಲ್ಲಿ ಚಾಟಿ. ಫೆದೋಸ್ಯಾಳ ತಾಯಿ ಚಿಕ್ಕಂದಿನಲ್ಲಿ ತಾಳ ತಪ್ಪಿದವಳು. ಸ್ನಾನದ ಮನೆಯಲ್ಲಿ ಅವಳ ಬೆನ್ನು ಉಜ್ಜುವಾಗ ಮಗಳ ಬೆರಳಿಗೆ ಆ ಗೆರೆಗಳು ಸಿಗುತ್ತಿದ್ದವು. ಮೂರನೆಯವನು ಇಸ್ಪೀಟಿನಲ್ಲಿ ಕಾಡು ಸೋತ, ಗಿರಣಿ ಸೋತ, ಕೊನೆಗೆ ಹೆಂಡತಿಯ ತುಪ್ಪಳದ ಕೋಟೂ ಸೋತ. ನಾಲ್ಕನೆಯವರೇ ಪಾವೆಲ್ ಅರ್ಕಾದ್ಯೆವಿಚ್, ಲೀಜಾಳ ತಂದೆ. ಪಾಪ, ಒಳ್ಳೆಯವರು. ಜೇನು ಸಾಕಿಕೊಂಡು, ಆಳುಗಳ ಮಕ್ಕಳಿಗೆ ಅಕ್ಷರ ಹೇಳಿಕೊಟ್ಟುಕೊಂಡು ಇದ್ದರು. ಆ ಮನೆಗೆ ಒಳ್ಳೆಯತನ ಬಂದದ್ದು ಬಹಳ ತಡವಾಗಿ.

ಪಾವೆಲರನ್ನು ಎತ್ತಿ ಆಡಿಸಿದವಳು ಫೆದೋಸ್ಯಾ. ಒಡೆಯರು ಆಳುಗಳಿಗೆ, ಮುದುಕರಾದರೂ ಸರಿ, ‘ನೀನು’ ಅನ್ನುತ್ತಿದ್ದರು. ಆಳುಗಳು ಒಡೆಯರ ಮನೆಯ ಹಸುಗೂಸಿಗೂ ‘ನೀವು’ ಅನ್ನಬೇಕು. “ಎದ್ದಿರಾ ಒಡೆಯರೇ? ಮತ್ತೆ ಒದ್ದೆ ಮಾಡ್ಕೊಂಡ್ರಾ?” ಎಂದು ಬಟ್ಟೆ ಬದಲಿಸುತ್ತಿದ್ದಳು. ಮುಂದೆ ಲೀಜಾ ಹುಟ್ಟಿದಾಗಲೂ ಅದೇ ಮಾತು. ಅದೇ ವರ್ಷ ಫೆದೋಸ್ಯಾಳ ಸ್ವಂತ ಮಗಳು ನ್ಯೂರಾಳನ್ನು ಹೆತ್ತು ಕಣ್ಣು ಮುಚ್ಚಿದಳು. ಅಳಿಯ ಯುದ್ಧಕ್ಕೆ ಹೋದವನು ಬರಲೇ ಇಲ್ಲ. ಹೀಗೆ ಎರಡು ಕೂಸು ಒಂದೇ ಮಡಿಲಲ್ಲಿ. ಒಂದಕ್ಕೆ ‘ನೀವು’, ಇನ್ನೊಂದಕ್ಕೆ ‘ಲೇ ನ್ಯೂರ್ಕಾ’.

ಕ್ರಾಂತಿಯ ಗಲಾಟೆಯಲ್ಲಿ ಬಂಗಲೆಗೆ ಬೆಂಕಿ ಬಿತ್ತು. ಪಾವೆಲರನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದವರು ವಾಪಸು ಕಳಿಸಲಿಲ್ಲ. ಚಳಿಗಾಲಕ್ಕೆ ಲೀಜಾಳ ತಾಯಿ ಟೈಫಸ್ ಜ್ವರದಲ್ಲಿ ಹೋದಳು, ಲೀಜಾಳನ್ನು ಫೆದೋಸ್ಯಾ ತನ್ನ ಗುಡಿಸಲಿಗೆ ಎತ್ತಿಕೊಂಡು ಬಂದಳು. ಆ ಹೊತ್ತಿಗೆ ನ್ಯೂರಾಳಿಗೂ ಜ್ವರ ಏರಿತ್ತು. ದೊಡ್ಡ ಇಟ್ಟಿಗೆ ಒಲೆಯ ಮೇಲೆ ಮಲಗಲೆಂದೇ ಇದ್ದ ಬೆಚ್ಚನೆಯ ಹಾಸಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಂಟಿಕೊಂಡು ಮಲಗಿದ್ದರು. ಒಂದು ಬೆಳಗ್ಗೆ ಒಬ್ಬಳು ನೀರು ಕೇಳಿದಳು, ಇನ್ನೊಬ್ಬಳು ಕೇಳಲಿಲ್ಲ.

ಶವದ ಪೆಟ್ಟಿಗೆ ಮುಚ್ಚುವ ಮುಂಚೆ ಮುದಿ ಪಾದ್ರಿ ಕೇಳಿದ, “ಯಾವ ಹೆಸರಿಗೆ ಪ್ರಾರ್ಥನೆ ಮಾಡ್ಲಿ ತಾಯಿ?”

“ಎಲಿಜವೆತಾ ಅಂತ ಮಾಡಿ.”

ಪಾದ್ರಿ ಪೆಟ್ಟಿಗೆಯೊಳಗೆ ನೋಡಿದ, ಅವಳ ಮುಖ ನೋಡಿದ. ಆಮೇಲೆ ಆ ಹೆಸರನ್ನೇ ಓದಿದ. ಸತ್ತ ನ್ಯೂರಾ, ವೆರೆಸ್ತೋವರ ಸಮಾಧಿಗಳ ಸಾಲಿನಲ್ಲಿ, ಒಡೆಯರ ಮಗಳ ಹೆಸರು ಹೊತ್ತು ಮಣ್ಣಾದಳು. ಲೀಜಾ ನ್ಯೂರಾಳ ಹೆಸರು ಹೊತ್ತು, ಅಜ್ಜಿಯ ಕೈ ಹಿಡಿದು, ಯಾರೂ ಗುರುತಿಲ್ಲದ ಈ ಊರಿಗೆ ಬಂದಳು. ವೆರೆಸ್ತೋವ್ ಎಂಬ ಹೆಸರಿಗೆ ಆಗ ರೊಟ್ಟಿಯ ಚೂರೂ ಹುಟ್ಟುತ್ತಿರಲಿಲ್ಲ. ಬದುಕಿರುವ ಮಗು ಉಣ್ಣಬೇಕಲ್ಲ, ಮತ್ತೇನು ಮಾಡುತ್ತೀರಿ?

ಹೆಸರನ್ನೇನೋ ಕೊಟ್ಟಳು. ‘ನೀನು’ ಎನ್ನುವುದನ್ನು ಮಾತ್ರ ಕೊಡಲು ಅವಳಿಂದ ಆಗಲಿಲ್ಲ. ಅದಕ್ಕೊಂದು ಉಪಾಯ ಕಂಡುಕೊಂಡಿದ್ದಳು: ನೀನೂ ಬೇಡ, ನೀವೂ ಬೇಡ. “ಚಹಾ ಆಗಿದೆ.” “ಬಾಗಿಲು ಹಾಕಬೇಕು.” “ಇವತ್ತು ತಡ ಆಯ್ತಲ್ಲ.” ಇಷ್ಟು ವರ್ಷ ಹೀಗೇ ನಾಲಿಗೆಯನ್ನು ಕೆಸರಿನ ದಾರಿಯಲ್ಲಿ ನಡೆಯುವವಳ ಹಾಗೆ ಆಚೀಚೆ ತಪ್ಪಿಸಿಕೊಂಡು ಬಂದಿದ್ದಳು. ಒಂದು ಜೊತೆ ಒದ್ದೆ ಬೂಟು ಎಲ್ಲವನ್ನೂ ಹಾಳು ಮಾಡಿತು.

ಗ್ಲಫೀರಾ ಎಲ್ಲಿ ಬಾಯಿ ಬಿಡಬೇಕೋ ಅಲ್ಲೇ ಬಿಟ್ಟಳು. ಶಾಲೆಯಲ್ಲಿ ಆಗ ‘ಸೋಸುವ’ ಸಭೆಗಳು ನಡೆಯುತ್ತಿದ್ದವು. ಕಾಳಿನಿಂದ ಕಲ್ಲು ಆರಿಸುವ ಹಾಗೆ ವಿದ್ಯಾರ್ಥಿಗಳೊಳಗಿಂದ ಹಳೆಯ ಒಡೆಯರ ಮಕ್ಕಳನ್ನು ಆರಿಸಿ ಎಸೆಯುವುದು. ಶನಿವಾರದ ಸಭೆಗೆ ಅಜ್ಜಿಯನ್ನೂ ಕರೆದುಕೊಂಡು ಬಾ ಎಂದು ಹುಡುಗಿಗೆ ಅಪ್ಪಣೆಯಾಯಿತು.

ಶುಕ್ರವಾರ ಮಧ್ಯಾಹ್ನ ಲೀಜಾ ಬಾಗಿಲು ಭದ್ರ ಮಾಡಿ ಅಜ್ಜಿಯ ಎದುರು ಕೂತಳು.

“ಅಜ್ಜಿ, ಈಗ ಹೇಳು. ‘ನ್ಯೂರ್ಕಾ, ಬಾರೇ ಇಲ್ಲಿ.’ ಅಷ್ಟೇ.”

ಅಜ್ಜಿ ಬಾಯಿ ತೆರೆದಳು, ಮುಚ್ಚಿದಳು.

“ಬೈಯಾದ್ರೂ ಬೈಯಿ. ಕತ್ತೆ ಅನ್ನು, ಕೋತಿ ಅನ್ನು!”

“ಆಗಲ್ಲ, ತಾಯಿ.”

“ತಾಯಿ ಅಂತೆ! ನಾಳೆ ಅಲ್ಲೂ ಹೀಗೇ ಅಂದ್ರೆ ನನ್ನ ಕತೆ ಮುಗೀತು. ಗೊತ್ತಾಗ್ತಿದೆಯಾ ನಿನಗೆ?” ಹುಡುಗಿಯ ಹೆದರಿಕೆ ಸಿಟ್ಟಾಗಿ ಹೊರಬಂತು. “ನಮ್ಮ ಮುತ್ತಾತನ ಚಾಟಿ ಇನ್ನೂ ನಿನ್ನ ತಲೆಯೊಳಗಿದೆ ಅಜ್ಜಿ. ಒಡೆಯರೆಲ್ಲ ಮಣ್ಣಾದ್ರೂ ನೀನು ಆಳಾಗೇ ಉಳಿದೆ.”

ಅಜ್ಜಿ ಎದ್ದು ಬಟ್ಟೆ ಮಡಿಚತೊಡಗಿದಳು. ಆಳುತನವಂತೆ! ಆ ‘ನೀನು’ ಒಂದನ್ನು ಅವಳು ಯಾರಿಗಾಗಿ ಮುಚ್ಚಿಟ್ಟುಕೊಂಡಿದ್ದಳು ಎಂದು ಈ ಹುಡುಗಿಗೇನು ಗೊತ್ತು? ಸತ್ತ ಕೂಸಿನ ಹೆಸರು ಕೊಟ್ಟಾಗಿತ್ತು, ಹುಟ್ಟಿದ ದಿನ ಕೊಟ್ಟಾಗಿತ್ತು, ಸಮಾಧಿಯ ಮೇಲಿನ ಶಿಲುಬೆಯನ್ನೂ ಬೇರೆಯವರ ಹೆಸರಿಗೆ ಬಿಟ್ಟಾಗಿತ್ತು. ಆ ಕೂಸನ್ನು ಕರೆಯುತ್ತಿದ್ದ ದನಿಯೊಂದೇ ಬಾಕಿ ಇತ್ತು. ಇದನ್ನೆಲ್ಲ ಹುಡುಗಿಗೆ ಹೇಳಿಬಿಡೋಣವೆಂದುಕೊಂಡಳು. ಹುಡುಗಿಯ ಬಿಳಿಚಿಕೊಂಡ ಮುಖ ನೋಡಿ, ಮಡಿಚಿದ ಬಟ್ಟೆಯನ್ನೇ ಮತ್ತೆ ಮಡಿಚಿದಳು.

ಶನಿವಾರ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಕೆಂಪು ಬಟ್ಟೆ ಹಾಸಿದ ಮೇಜಿನ ಹಿಂದೆ ಸುತ್ಯಾಗಿನ್ ಎಂಬವನು ಕೂತಿದ್ದ, ನೆಗಡಿಯಾಗಿ ಮೂಗು ಕೆಂಪಾಗಿತ್ತು. ಕೆಟ್ಟವನೇನಲ್ಲ, ಕಲ್ಲು ಆರಿಸುವ ಕೆಲಸ ಕೊಟ್ಟಿದ್ದರು, ಆರಿಸುತ್ತಿದ್ದ. ಗ್ಲಫೀರಾ ಹೂವಿನ ಶಾಲು ಹೊದ್ದು ಮುಂದಿನ ಬೆಂಚಿನಲ್ಲೇ ಇದ್ದಳು.

“ಕಾಗದ ನೋಡಿದೆ, ವೆರೆಸ್ತೋವರ ಹಳ್ಳಿಯವರು ನೀವು. ಅವರ ಮನೇಲಿ ಕೆಲಸಕ್ಕಿದ್ರಂತೆ, ಅಜ್ಜಿ?” ಎಂದು ಸುತ್ಯಾಗಿನ್ ಶುರು ಮಾಡಿದ.

“ಇದ್ದೆ. ನಮ್ಮವ್ವನೂ ಇದ್ಲು, ಅವಳ ಅವ್ವನೂ ಇದ್ಲು. ನಮ್ಮವ್ವನ ಬೆನ್ನಿನ ಮೇಲೆ ಅವರು ಹೊಡೆದ ಬಾಸುಂಡೆ ಸಾಯೋವರೆಗೂ ಮಾಸಲಿಲ್ಲ.”

“ಅವರಿಗೊಬ್ಬ ಮಗಳಿದ್ಲಲ್ಲ?”

“ಜ್ವರ ಬಂದು ಹೋದ್ಲು. ನಾನೇ ಮಣ್ಣು ಮಾಡಿದೆ. ಹಳ್ಳೀಲಿ ಸಮಾಧಿ ಇದೆ, ಹೋಗಿ ನೋಡ್ಕೊಳ್ಳಿ.” ಇದನ್ನು ಹೇಳುವಾಗ ಅವಳ ದನಿ ನಡುಗಲಿಲ್ಲ.

“ಹಾಗಾದ್ರೆ ಸ್ವಂತ ಮೊಮ್ಮಗಳಿಗೆ ‘ಬನ್ನಿ, ಕೂತ್ಕೊಳ್ಳಿ’ ಯಾಕೆ?”

“ತಮಾಷೆಗೆ.”

“ಆಗ್ಲಿ. ಈಗ ತಮಾಷೆ ಬೇಡ. ಮನೇಲಿ ಹೇಗೆ ಕರೀತೀರೋ ಹಾಗೆ ಒಂದು ಸಲ ಕರೀರಿ, ಕೇಳೋಣ.”

ಹುಡುಗಿ ಕಿಟಕಿಯ ಬಳಿ ನಿಂತಿದ್ದಳು. ಅಜ್ಜಿ ಅವಳನ್ನೇ ನೋಡಿದಳು. ಅದೇ ವೆರೆಸ್ತೋವರ ಮೂಗು, ಪಾವೆಲರ ಹುಬ್ಬು. ಸುತ್ಯಾಗಿನ್ ಮೂಗು ಒರೆಸಿಕೊಂಡು ಕಾಯ್ದ. ಗ್ಲಫೀರಾ ಬೇಕೆಂದೇ ಕೆಮ್ಮಿದಳು.

ಆಗ ಅಜ್ಜಿ ಕಣ್ಣು ಮುಚ್ಚಿದಳು.

“ಲೇ ನ್ಯೂರ್ಕಾ!” ಎಂದಳು. ಕೋಣೆಯಲ್ಲಿದ್ದವರೆಲ್ಲ ಬೆಚ್ಚಿದರು, ಅಷ್ಟು ಗಟ್ಟಿ ದನಿ. “ಎಲ್ಲಿ ಹಾಳಾಗಿ ಹೋಗಿದ್ಯೇ ಕತ್ತೆ? ಮೂಗು ಒರೆಸ್ಕೋ ಮೊದಲು. ಅಂಗಿಯೊಳಗೆ ಏನದು? ಮತ್ತೆ ಟರ್ನಿಪ್ ಗಡ್ಡೆ ಕದ್ಯಾ? ತೊಳೀದೆ ತಿಂದ್ರೆ ಹೊಟ್ಟೆನೋವು ಬರತ್ತೆ ಅಂತ ಎಷ್ಟು ಸಲ ಬಡ್ಕೊಂಡೆ ನಿಂಗೆ!” ಕೋಣೆ ಗೊಳ್ಳೆಂದು ನಕ್ಕಿತು. ಅಜ್ಜಿ ನಿಲ್ಲಿಸಲಿಲ್ಲ. “ಇಷ್ಟು ದಿನ ಎಲ್ಲಿದ್ಯೇ? ಕರೆದು ಕರೆದು ಸಾಕಾಯ್ತು ನಂಗೆ. ಚಳೀಲಿ ಹಾಗೇ ಮಲಗಿಬಿಟ್ಟಿದ್ದೀಯಲ್ಲೇ, ಮೈಮೇಲೆ ಒಂದು ಕಂಬಳಿನೂ ಇಲ್ದೆ. ಬಾರೇ. ಬಾರೇ ನನ್ನ ಬಂಗಾರ, ನನ್ನ ಕೂಸೇ, ಬಾ…”

ನಗು ಯಾವಾಗ ನಿಂತಿತೋ ಯಾರಿಗೂ ತಿಳಿಯಲಿಲ್ಲ. ಅಜ್ಜಿ ನಿಂತಲ್ಲೇ ಅಳುತ್ತಿದ್ದಳು. ಹುಡುಗಿ ಓಡಿಬಂದು ಅವಳನ್ನು ತಬ್ಬಿಕೊಂಡಳು. ಅವಳಿಗೆ ಆಗ ಅರ್ಥವಾಯಿತು. ನಿನ್ನೆ ತಾನು ಆಡಿದ ಮಾತು ನೆನಪಾಗಿ ಮೈಯೆಲ್ಲ ಸುಟ್ಟ ಹಾಗಾಯಿತು.

“ಸಾಕು ಸಾಕು, ಕರ್ಕೊಂಡು ಹೋಗಮ್ಮ ನಿಮ್ಮಜ್ಜೀನ,” ಎಂದು ಸುತ್ಯಾಗಿನ್ ಮುಖ ತಿರುಗಿಸಿದ. “ಮುಂದಿನವರು ಯಾರು?” ಗ್ಲಫೀರಾ ಶಾಲಿನ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಾ, “ನನ್ನ ಈ ನಾಲಿಗೆ ಸೇದಿಹೋಗ!” ಎಂದು ಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿಕೊಂಡಳು.

ದಾರಿಯಲ್ಲಿ ಹುಡುಗಿ ಮೆಲ್ಲಗೆ ಕೇಳಿದಳು, “ನನ್ನನ್ನಲ್ಲ ನೀನು ಕರೆದದ್ದು. ಅಲ್ವಾ ಅಜ್ಜಿ?”

“ನಡಿ ನಡಿ, ಸಾರು ಹಾಗೇ ಇಟ್ಟು ಬಂದಿದ್ದೀನಿ,” ಎಂದಳು ಅಜ್ಜಿ. ‘ನಡಿ’ ಎಂದದ್ದು ಅವಳ ಗಮನಕ್ಕೇ ಬರಲಿಲ್ಲ. ಅವತ್ತಿನಿಂದ ಆ ಮಾತಿಗೆ ತಡೆಯಿಲ್ಲದೆ ಹೋಯಿತು. ಬಾರೇ, ಹೋಗೇ, ತಿನ್ನೇ ಎಂದು ಅಡುಗೆಮನೆಯಲ್ಲಿ ಎಲ್ಲರೆದುರು ಬೈಯುವಳು. ಹುಡುಗಿಯೂ ಹಗುರಾದಳು, ವಾರ್ಡಿನಲ್ಲಿ ಕೆಲಸ ಕಲಿಯುತ್ತಿದ್ದಳು, ನಗುತ್ತಿದ್ದಳು. ಯಾರಾದರೂ ನ್ಯೂರಾ ಎಂದರೆ ಮುಂಚಿನ ಹಾಗೆ ಒಂದು ಗಳಿಗೆ ತಡೆದು ತಿರುಗುತ್ತಿರಲಿಲ್ಲ. ಅಜ್ಜಿ ಅದನ್ನು ನೋಡಿ ಸಂತೋಷಪಟ್ಟಳು. ಸಂತೋಷವೇ, ಸುಳ್ಳಲ್ಲ.

ಈಸ್ಟರ್ ಕಳೆದ ಮೇಲೆ ಸತ್ತವರನ್ನು ಕಾಣುವ ಮಂಗಳವಾರ ಬಂತು. ಪ್ರತಿ ವರ್ಷ ಅಜ್ಜಿ ಒಬ್ಬಳೇ ಹಳ್ಳಿಗೆ ಹೋಗುತ್ತಿದ್ದಳು. ಅವಳ ತಾಯಿಯ ಸಮಾಧಿಯೂ ಅಲ್ಲೇ ಇದ್ದುದರಿಂದ ಯಾರೂ ಕೇಳುತ್ತಿರಲಿಲ್ಲ. ಈ ಸಲ ಹುಡುಗಿ ಹಟ ಹಿಡಿದು ಜೊತೆಗೆ ಬಂದಳು. ತಲೆವಸ್ತ್ರ ಹಣೆಯವರೆಗೆ ಎಳೆದುಕೊಂಡು, “ನೀನು ಮುಂದೆ ಹೋಗಿರು, ನಾನು ನೀರು ತರ್ತೀನಿ,” ಎಂದು ಬಾವಿಯ ಕಡೆ ಹೋದಳು.

ಹಿಮ ಕರಗಿ ಮಣ್ಣು ಮೆತ್ತಗಾಗಿತ್ತು. ಎಲಿಜವೆತಾ ಎಂದು ಕೆತ್ತಿದ ಮರದ ಶಿಲುಬೆ ಒಂದು ಕಡೆಗೆ ವಾಲಿತ್ತು. ಅಜ್ಜಿ ಮೊಣಕಾಲೂರಿ, ಈರುಳ್ಳಿ ಸಿಪ್ಪೆಯಲ್ಲಿ ಕೆಂಪಗೆ ಬೇಯಿಸಿದ ಮೊಟ್ಟೆಯನ್ನು ಮಣ್ಣಿನ ಮೇಲಿಟ್ಟು, ಸುತ್ತ ಯಾರಿದ್ದಾರೆಂದು ನೋಡಿಕೊಂಡಳು. ಪ್ರತಿ ವರ್ಷ ಇಲ್ಲಿ ಒಂದೇ ಒಂದು ಸಲ, ಮಣ್ಣಿಗೆ ಬಾಯಿ ಹತ್ತಿರ ಮಾಡಿ, ಅವಳು ತನ್ನ ಕೂಸನ್ನು ಕರೆಯುತ್ತಿದ್ದಳು.

“ನ್ಯೂರ್ಕಾ,” ಎಂದಳು.

“ಬಂದೇ ಅಜ್ಜಿ!” ಎಂದು ಹಿಂದಿನಿಂದ ಹುಡುಗಿ ಬಿಂದಿಗೆ ಹಿಡಿದು ಓಡಿಬಂದಳು.