ಇಪ್ಪತ್ತನೆಯ ಹೆರಿಗೆ

ನನ್ನ ಅಪ್ಪ ಮೊಳಕಾಲ್ಮೂರಿನಲ್ಲಿ ಶಾಲೆಯ ಮೇಷ್ಟರು. ಊಟಕ್ಕೆ ಕೂತಾಗಲೆಲ್ಲ ನನಗೊಂದು ವಿಷಯ ಕೊಟ್ಟು ವಾದ ಮಾಡಿಸುತ್ತಿದ್ದರು. ಮುದ್ದೆ ಮುಗಿಯುವ ಮೊದಲು ಪಕ್ಷ ಬದಲಿಸಿ, ಅಷ್ಟೊತ್ತು ಹೇಳಿದ್ದನ್ನೆಲ್ಲ ನಾನೇ ಮುರಿಯಬೇಕು. ಒಂದೇ ನಿಯಮ: ಗೆಲ್ಲುವುದಕ್ಕಾಗಿ ಕಂಡದ್ದನ್ನು ತಿರುಚಬಾರದು. ಈ ನಿಯಮ ಹೆಣ್ಣುಮಕ್ಕಳಿಗೆ ಎಷ್ಟು ದುಬಾರಿ ಎಂದು ಅವರು ಹೇಳಿರಲಿಲ್ಲ.

ಚಳ್ಳಕೆರೆಯ ವ್ಯಾಪಾರದ ಮನೆಗೆ ಸೊಸೆಯಾಗಿ ಬಂದೆ. ಅಲ್ಲಿನ ಆಸ್ಪತ್ರೆಯಲ್ಲಿ ಹೆಂಗಸರಿಗೆ ಹೆರಿಗೆ ಮಾಡಿಸುವ ವಿದ್ಯೆ ಕಲಿಸುತ್ತಾರೆಂದು ಕೇಳಿ, ಗಂಡನೊಡನೆ ಮೂರು ವಾರ ವಾದಿಸಿ ಸೇರಿಕೊಂಡೆ. ಅವರು ಒಪ್ಪಿದ್ದು ನನ್ನ ತರ್ಕಕ್ಕಲ್ಲ, ಬೇಸತ್ತು. ಕಲಿಯುವವರು ಇಬ್ಬರೇ: ನಾನು, ಮತ್ತು ಬಿ.ಜಿ. ಕೆರೆಯಿಂದ ಬಂದ ಒಬ್ಬ ವಿಧವೆ. ಆಕೆಯನ್ನು ಅಕ್ಕ ಎನ್ನುತ್ತಿದ್ದೆ. ಯುಗಾದಿಯೊಳಗೆ ಇಪ್ಪತ್ತು ಹೆರಿಗೆ ಸ್ವಂತ ಕೈಯಿಂದ ಮಾಡಿಸಿ, ಪ್ರತಿಯೊಂದಕ್ಕೂ ಡಾಕ್ಟರ ರುಜು ಹಾಕಿಸಿಕೊಂಡರೆ ಸನ್ನದು. ಒಂದು ಹೆರಿಗೆಗೆ ಒಬ್ಬಳದೇ ಹೆಸರು. ಊರಿನವರೋ, ಸೂಲಗಿತ್ತಿ ಕೈಚೆಲ್ಲಿದ ಮೇಲಷ್ಟೇ ನಮ್ಮನ್ನು ಕರೆಯುತ್ತಿದ್ದರು.

ನನ್ನ ಪುಸ್ತಕದಲ್ಲಿ ಹತ್ತೊಂಬತ್ತು ರುಜು ಬಿದ್ದಾಗ ನನಗೆ ಏಳು ತಿಂಗಳು. ಚೊಚ್ಚಲಿಗೆ ತವರಿಗೆ ಹೋಗಬೇಕು. ಅವ್ವ ಎರಡು ಸಲ ಗಾಡಿ ಕಳಿಸಿದಳು. ಒಂದೇ ಒಂದು ರುಜುವಿನ ಆಸೆಗೆ ಎರಡು ಸಲವೂ ಗಾಡಿಯನ್ನು ಬರಿದೇ ತಿರುಗಿಸಿದೆ. ಆದರೆ ಸೆರಗು ಎಷ್ಟು ಹರಡಿಕೊಂಡರೂ ಹೊಟ್ಟೆ ಮುಚ್ಚುತ್ತಿರಲಿಲ್ಲ. ಬಸುರಿಯ ನೆರಳು ಬಿದ್ದರೆ ನೋವು ತಿನ್ನುವವಳ ಹೆರಿಗೆ ಕಟ್ಟುತ್ತದೆ ಎಂದು ಬಾಗಿಲಲ್ಲೇ ತಡೆಯತೊಡಗಿದರು.

"ನೀನು ಬ್ಯಾಡ ತಾಯಿ, ಆ ಇನ್ನೊಬ್ಬಾಕೀನ ಕಳ್ಸು," ಎಂದಳು ಪೇಟೆ ಬೀದಿಯ ಅಜ್ಜಿಯೊಬ್ಬಳು.

"ನನ್ನ ನೆರಳಿಗೆ ಅಷ್ಟು ಶಕ್ತಿ ಇದ್ರೆ, ನಿಮ್ಮ ಎಮ್ಮೆ ಮೊನ್ನೆ ನನ್ನೆದುರಿಗೇ ಹೆಂಗಜ್ಜಿ ಕರು ಹಾಕ್ತು?"

"ಎಮ್ಮೆಗೇನು ಗೊತ್ತೈತೆ ಶಾಸ್ತ್ರ! ನಡಿ, ನಡಿ."

ಆ ಹೆರಿಗೆ ಅಕ್ಕನಿಗೆ ಹೋಯಿತು. ಆಕೆಗೂ ಹತ್ತೊಂಬತ್ತಾಯಿತು.

ಮನೆಯಲ್ಲಿ ಅತ್ತೆಯದು ಬೇರೆ ತಕರಾರು. ಲಿಂಗ ಕಟ್ಟಿದವರಿಗೆ ಹುಟ್ಟಿನ ಸೂತಕವಿಲ್ಲ ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುವವರು, ನಾನು ಹೆರಿಗೆ ಮಾಡಿಸಿ ಬಂದ ದಿನ ಅಡಿಗೆಮನೆಗೆ ಬಿಡುತ್ತಿರಲಿಲ್ಲ.

"ಸೂತಕ ಇಲ್ಲ ಅಂತೀರಲ್ಲ ಅತ್ತೆ?"

"ಇಲ್ಲ. ಆದ್ರೂ ಹಿತ್ಲಾಗೆ ಕೂತ್ಕೊ."

ಈ "ಆದ್ರೂ" ಎಂಬುದನ್ನು ಸೋಲಿಸುವ ವಾದವನ್ನು ಅಪ್ಪ ಕಲಿಸಿರಲಿಲ್ಲ.

ನನಗೆ ಒಂಬತ್ತು ತಿಂಗಳಿಗೆ ಬಿದ್ದಾಗ ದೊಡ್ಡಉಳ್ಳಾರ್ತಿ ಕಡೆಯ ಗೊಲ್ಲರ ಹಟ್ಟಿಯಿಂದ ಕರೆ ಬಂತು. ಅಲ್ಲಿ ಹೆರುವವಳು ಹಟ್ಟಿಯ ಹೊರಗೆ, ಸೊಪ್ಪಿನ ಗುಡಿಸಲಲ್ಲಿ ಒಬ್ಬಳೇ ಇರಬೇಕು, ಹಟ್ಟಿಯವರು ಮುಟ್ಟುವಂತಿಲ್ಲ. ತಡೆಯುವುದಕ್ಕೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಆದರೆ ಹುಲ್ಲುಗಾವಲಿನ ಕಲ್ಲುದಾರಿಯಲ್ಲಿ ಗಾಡಿ ಕುಲುಕಿ ನಾನು ಮುಟ್ಟುವಷ್ಟರಲ್ಲಿ ಆಕೆ ಹೆತ್ತು, ತಾನೇ ಹೊಕ್ಕುಳಬಳ್ಳಿ ಕೊಯ್ದು, ಮಗುವನ್ನು ಕಂಬಳಿಯಲ್ಲಿ ಸುತ್ತಿಕೊಂಡು ಕೂತಿದ್ದಳು.

"ತಡ ಆತಲ್ಲವ್ವ. ಈ ಹೊಟ್ಟೆ ಹೊತ್ಕೊಂಡು ಯಾಕ್ ಬರಾಕೆ ಹೋದೆ?" ಎಂದು ನನಗೇ ಸಮಾಧಾನ ಹೇಳಿದಳು. ನಾನು ತೊಳೆದು ಬಳಿದು ಬಂದೆ.

ಡಾಕ್ಟರು ಲೇಖನಿ ಅದ್ದಿ ಕೇಳಿದರು: "ಮಗು ನಿನ್ನ ಕೈಗೆ ಬಂತೋ, ನೀನು ಹೋಗೋಕೆ ಮೊದಲೇ ಬಂತೋ?"

ಸುಳ್ಳು ಹೇಳಿದ್ದರೆ ಅಲ್ಲವೆನ್ನುವವರು ಯಾರಿದ್ದರು? "ಮೊದಲೇ," ಎಂದೆ. ಲೇಖನಿ ಕೆಳಗಿಟ್ಟರು.

ನಾಲ್ಕನೆಯ ದಿನ ನನಗೇ ನೋವು ಬಂತು. ಹಗಲೆಲ್ಲ ಕಳೆದರೂ ಮಗು ಇಳಿಯಲಿಲ್ಲ. ಅತ್ತೆ ಕರೆಸಿದ್ದ ಸೂಲಗಿತ್ತಿ ಕೈಚೆಲ್ಲಿದಳು; ಅಕ್ಕನಿಗೆ ಹೇಳಿಕಳಿಸಿದರು. ಮಗುವಿನ ಕಾಲು ಮುಂದಾಗಿತ್ತು. ಕಾಲು ಮೊದಲು ಬಂದರೆ ಎಳೆಯಬಾರದು, ಕಾಯಬೇಕು ಎಂಬ ಪಾಠವನ್ನು, ಓದು ಸರಿಯಾಗಿ ಬಾರದ ಆಕೆಗೆ ಹತ್ತು ಸಲ ಓದಿ ಹೇಳಿದವಳು ನಾನೇ.

"ಎಳೀಬ್ಯಾಡ ಅಕ್ಕ."

"ಗೊತ್ತೈತೆ ಕಣೇ. ಇಲ್ಲೂ ವಾದ ಮಾಡ್ಬ್ಯಾಡ, ತಿಣುಕು!"

ಹೆಣ್ಣುಮಗು. ಬಳ್ಳಿ ಕಟ್ಟುತ್ತ, ನನ್ನ ಮುಖ ನೋಡದೆ ಅಕ್ಕ ಕೇಳಿದಳು: "ಇದನ್ನ ನನ್ನ ಪುಸ್ತಕದಾಗೆ ಬರೆಸ್ಲೇನೇ?"

ಯುಗಾದಿಗೆ ಐದು ದಿನ ಉಳಿದಿತ್ತು. ಬೇಡ ಎನ್ನುವುದಕ್ಕೆ ಕಾರಣ ಹುಡುಕಿದೆ, ಒಂದೂ ನ್ಯಾಯವಾಗಿರಲಿಲ್ಲ. "ಬರೆಸ್ಕೊ," ಎಂದೆ.

ಬಾಣಂತನ ಮುಗಿಸಿ, ಮತ್ತೆ ಕಲಿಯಲು ಸೇರಿಸಿಕೊಳ್ಳಿ ಎಂದು ಕೇಳಲು ಆಸ್ಪತ್ರೆಗೆ ಹೋದೆ. ಹಾಲು ಕುಡಿಯುವ ಮಗು ಇರುವವರನ್ನು ತೆಗೆದುಕೊಳ್ಳುವುದಿಲ್ಲ ಎಂದರು ಡಾಕ್ಟರು.

"ಹೆರಿಗೆ ಮಾಡ್ಸೋ ಕೆಲ್ಸಕ್ಕೆ ಹೆತ್ತಿರೋದೇ ತಪ್ಪೇನು ಸ್ವಾಮಿ?"

ಅವರು ನಕ್ಕರು. "ನಿನ್ನ ಮಾತಿಗೆ ನನ್ನ ಹತ್ರ ಉತ್ತರ ಇಲ್ಲಮ್ಮ."

ವಾದ ಗೆದ್ದು ಮನೆಗೆ ಬಂದೆ.

ಹೆಣ್ಣು ಹುಟ್ಟಿದ ದಿನವನ್ನು ನಮ್ಮ ಮನೆಯಲ್ಲಿ ಯಾರೂ ಬರೆದಿಡಲಿಲ್ಲ. ಅದು ಅಕ್ಕನ ಪುಸ್ತಕದ ಕೊನೆಯ ಸಾಲಿನಲ್ಲಿದೆ: ತಾಯಿ, ಮಗು ಕ್ಷೇಮ. ಕೆಳಗೆ ರುಜು. ಮಾಡಿಸಿದವಳ ಹೆಸರಿಗೆ ಅಲ್ಲಿ ಜಾಗವಿದೆ, ಹೆತ್ತವಳ ಹೆಸರಿಗಿಲ್ಲ.