ಔಷಧಿಗೆಂದು ನಕ್ಕ ನಗು

ಮದುವೆಯಾಗಿ ಬಂದ ವರ್ಷವೇ ಹೆಮ್ಮಾಡಿಯ ಮೀನು ಮಾರುಕಟ್ಟೆಯಲ್ಲಿ ಅತ್ತೆಯ ಪಕ್ಕ ಬುಟ್ಟಿ ಇಟ್ಟುಕೊಂಡು ಕೂತೆ. ಗಿರಾಕಿಯ ಎದುರು ನಗಬಾರದು ಎಂಬುದು ನಾನು ಅಲ್ಲಿ ಕಲಿತ ಮೊದಲ ಪಾಠ. ನಕ್ಕರೆ ಚೌಕಾಸಿಗೆ ನಾವೇ ಕರೆದಂತೆ. ನನಗದು ಕಷ್ಟವಾಗಲಿಲ್ಲ, ಹುಟ್ಟಿನಿಂದಲೇ ಗಂಟು ಹಾಕಿದ ಮುಖ ನನ್ನದು, ಸಿಟ್ಟು ಮೂಗಿನ ತುದಿಯಲ್ಲೇ. ಮನೆಗೆ ಹೋದ ಮೇಲೂ ಅದೇ ಮುಖ.

ಕಳೆದ ವರ್ಷ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರು ಎಡಗಡೆಯಿಂದ ತಾನಾಗಿ ಸುರಿಯಿತು. ಕನ್ನಡಿ ನೋಡಿದರೆ ಬಾಯಿ ಸೊಟ್ಟ, ಎಡಗಣ್ಣು ಮುಚ್ಚುತ್ತಿಲ್ಲ. ಕುಂದಾಪುರದ ಡಾಕ್ಟರು ಮುಖದ ನರ ಬಾತಿದೆ ಎಂದು ಮಾತ್ರೆ ಬರೆದರು. "ಹೆಚ್ಚಿನವರಿಗೆ ಸರಿಯಾಗ್ತದೆ, ಕೆಲವರಿಗೆ ಸ್ವಲ್ಪ ಉಳೀತದೆ. ನಗು ಬಾರದಿದ್ದರೂ ಮುಖಕ್ಕೆ ವ್ಯಾಯಾಮ ಅಂತ ದಿನಾ ನಗಬೇಕು," ಎಂದರು. ಆ ಕೆಲವರಲ್ಲಿ ನಾನೂ ಒಬ್ಬಳಾದರೆ ಎಂದು ಹೆದರಿಕೆಯಾಯಿತು.

ಸರಿ, ಬುಟ್ಟಿಯ ಹಿಂದೆ ಕೂತು ಕಷಾಯ ಕುಡಿದ ಹಾಗೆ ನಗತೊಡಗಿದೆ. ಗಿರಾಕಿಗಳಿಗೆ ಇದೆಲ್ಲ ಏನು ಗೊತ್ತು? ತಮ್ಮನ್ನು ಕಂಡೇ ನಕ್ಕೆನೆಂದು ಅವರೂ ನಕ್ಕರು. ಮೊದಮೊದಲು ಮೈ ಉರಿಯಿತು. ಆದರೆ ವರ್ಷಗಟ್ಟಲೆ ಬಾಯಿ ಬಿಡದೆ ಬಂಗುಡೆ ಒಯ್ದವರು ಈಗ ನಿಂತು "ಚಾ ಕುಡ್ದ್ಯಾ?" ಎಂದು ಕೇಳುತ್ತಿದ್ದರು. ಮಧ್ಯಾಹ್ನವಾದರೆ ಹಿಡಿದುಕೊಳ್ಳುತ್ತಿದ್ದ ತಲೆನೋವು ಯಾವಾಗ ಬಿಟ್ಟಿತೋ ತಿಳಿಯಲಿಲ್ಲ. ರಾತ್ರಿ ನಿದ್ದೆಯೂ ಬರುತ್ತಿತ್ತು. ಎಡಗೆನ್ನೆ ಮಾತ್ರ ಅಲುಗಲಿಲ್ಲ, ಆ ಹೆದರಿಕೆಯೂ ಹೋಗಲಿಲ್ಲ.

ಒಂದು ದಿನ ನಿವೃತ್ತ ಮಾಷ್ಟ್ರೊಬ್ಬರು ಬಂಗುಡೆ ಕೊಂಡರು. ಚೀಲ ಕಾಲ ಬುಡದಲ್ಲಿಟ್ಟು, ಮೀನು ಹಳತು ಎಂದು ವಾದಕ್ಕಿಳಿದರು. ಅವರ ಹಿಂದಿನಿಂದ ಬಂದ ಮಾರುಕಟ್ಟೆಯ ಬೆಕ್ಕು ಚೀಲಕ್ಕೆ ತಲೆ ತೂರಿಸಿ, ದೊಡ್ಡದೊಂದನ್ನು ಎಳೆದುಕೊಂಡು ಓಡಿತು.

ಅತ್ತೆ ತಣ್ಣಗೆ, "ಹಳ್ತ್ ಅಂದೇಳಿ ಬೆಕ್ಕಿಗ್ ಗೊತ್ತಾಯ್ಲಿಲ್ಯ ಕಾಣ್ತ್, ಮಾಷ್ಟ್ರೆ," ಎಂದರು.

ಮಾಷ್ಟ್ರೇ ಮೊದಲು ನಕ್ಕರು. ನನಗೂ ತಡೆಯಲಾಗಲಿಲ್ಲ. ಡಾಕ್ಟರು, ವ್ಯಾಯಾಮ ಎಲ್ಲ ಮರೆತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅತ್ತೆ ಮಾತ್ರ ನಗಲಿಲ್ಲ. ಮೀನು ಮುಟ್ಟಿದ ಕೈಯಲ್ಲೇ ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡರು.

"ಎಡ್ ಕೆನ್ನೆಯೂ ಎದ್ದಿತ್, ಹೆಣ್ಣೆ."

ನನಗೆ ಅಳು ಬಂತು. ಅವರು ಕೈ ತೆಗೆಯದೆ ನೋಡುತ್ತಲೇ ಇದ್ದರು.

"ನೀ ಹೀಂಗ್ ನಗಾಡುದ್ ನಾ ಈಗಳೇ ಕಂಡದ್," ಎಂದರು.

ಒಂದೇ ಒಲೆಯ ಅನ್ನ ಉಂಡು ನಮಗಾಗ ಹದಿನೈದು ವರ್ಷವಾಗಿತ್ತು.